ಎದುರಾಗಿ ಬಂದ ವಿಮಾನ

ಬಸಲಿಂಗಯ್ಯನವರು ಎರಡು ವರ್ಷ ಜಗಲಿಯಲ್ಲಿ ಕೂತು, ಮಂಚಕ್ಕಿಂತ ಉದ್ದದ ರೆಕ್ಕೆಯ ಮಾದರಿ ವಿಮಾನವೊಂದನ್ನು ಹಗುರ ಮರದಲ್ಲಿ ಕಟ್ಟಿದರು. ಹೆಂಡತಿ ಶಿವಲೀಲಾ ಅದಕ್ಕೆ ಬಣ್ಣ ಬಳಿದರು. ಮೊದಲ ಹಾರಾಟದ ದಿನ ವಿಮಾನ ಬಯಲಿನಿಂದ ಎದ್ದು, ಅವರ ಕೈಯಲ್ಲಿದ್ದ ರಿಮೋಟು ಹೇಳಿದಂತೆಲ್ಲ ಎಡಕ್ಕೆ ಬಲಕ್ಕೆ ವಾಲುತ್ತ ದೂರ ಹೋಯಿತು. ಮರಳಿ ಬರುವಾಗ ಬಸಲಿಂಗಯ್ಯನವರ ಬಲಗಡೆಗೆ ಹುಣಸೆಮರವಿತ್ತು.

"ಎಡಕ್ಕೆ ತಿರುಗು!" ಎಂದಿತು ರಿಮೋಟು. ವಿಮಾನ ತಿರುಗಿತು. ಮರ ಇನ್ನೂ ಹತ್ತಿರವಾಯಿತು.

"ಎಡವೆಂದರೆ ಬಲಕ್ಕೆ ಹೋಗುತ್ತೀಯಾ? ಹೋಗುವಾಗಿನ ವಿಧೇಯತೆ ಬರುವಾಗ ಎಲ್ಲಿ ಹೋಯಿತು?" ಎಂದು ರಿಮೋಟು ಗದರಿತು.

"ನಾನು ಎಡಕ್ಕೇ ತಿರುಗಿದೆ, ಸ್ವಾಮಿ. ಈಗ ನಿಮಗೆ ಎದುರಾಗಿ ಬರುತ್ತಿದ್ದೇನೆ. ನನ್ನ ಎಡ ನಿಮಗೆ ಬಲ."

"ಎಡ ಯಾವುದೆಂದು ಹೇಳುವುದು ನಾನು! ಇನ್ನೂ ಎಡಕ್ಕೆ!"

ಮಾತು ಮೀರಲಾರದ ವಿಮಾನ ಮರದತ್ತ ಮತ್ತಷ್ಟು ವಾಲಿತು.

"ರೀ, ಅದು ನೋಡೋ ಕಡೇನೇ ನೀವೂ ಮುಖ ಮಾಡ್ರೀ!" ಎಂದು ಶಿವಲೀಲಾ ಕೂಗಿದರು.

ಬಸಲಿಂಗಯ್ಯನವರು ಥಟ್ಟನೆ ವಿಮಾನಕ್ಕೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿಂದ ಅದನ್ನು ನೋಡಿದರು. ಈಗ ರಿಮೋಟಿನ ಎಡವೂ ವಿಮಾನದ ಎಡವೂ ಒಂದೇ ಕಡೆಗಿದ್ದವು. "ಬಲಕ್ಕೆ" ಎಂದಿತು ರಿಮೋಟು. ವಿಮಾನ ಹುಣಸೆಯ ತುದಿಯೆಲೆಗಳನ್ನು ಸವರಿಕೊಂಡು ಬಂದು ಹುಲ್ಲಿನ ಮೇಲೆ ಇಳಿಯಿತು.

ಬಸಲಿಂಗಯ್ಯನವರು ಅದರ ಬಿಸಿ ಮೂತಿಯನ್ನು ತಡವುತ್ತಿರುವಾಗ ರಿಮೋಟು ಗತ್ತಿನಿಂದ ಕೇಳಿತು: "ಅಂತೂ ಬುದ್ಧಿ ಬಂತೇ ನಿನಗೆ?"

"ಬಂತು, ಸ್ವಾಮಿ," ಎಂದಿತು ವಿಮಾನ. "ನೀವು ತಿರುಗಿ ನಿಂತ ಕೂಡಲೇ."