ಮೊಸರು ಹೆಪ್ಪಾಗದ ದಿನ

ಬೇಸಿಗೆಯ ಒಂದು ಮಂಗಳವಾರ ಮಧ್ಯಾಹ್ನ, ತುಂಗಭದ್ರೆಯ ದಡದ ಸಣ್ಣ ಮಠವೊಂದರಲ್ಲಿ ಊಟದ ಪಂಕ್ತಿಗೆ ಮೊಸರು ಬರಲಿಲ್ಲ.

ಪ್ರಾಣಹಾನಿ ಆಗಲಿಲ್ಲ. ಆದರೆ ಕೊನೆಯ ಅನ್ನ ಹಾಕಿಸಿಕೊಂಡವರು ಬಹಳ ಹೊತ್ತು ಅಡುಗೆಮನೆಯ ಬಾಗಿಲು ನೋಡುತ್ತ ಕುಳಿತರು. ಹಿಂದಿನ ಸ್ವಾಮಿಗಳು ಲಿಂಗೈಕ್ಯರಾದ ದಿನವೂ ಆ ಮಠದಲ್ಲಿ ಮೊಸರು ಇತ್ತು. ಹೊಳೆ ಉಕ್ಕಿ ಅಂಗಳಕ್ಕೆ ನೀರು ನುಗ್ಗಿದ ವರ್ಷವೂ ಇತ್ತು. ಗಡಿಗೆ ನೆಲುವಿನಲ್ಲಿ ತೂಗುತ್ತಿದ್ದುದರಿಂದ ಹೊಳೆಗೆ ಅದು ಎಟುಕಲಿಲ್ಲ.

ಅಡುಗೆಯ ಕಲ್ಲಯ್ಯ ಗಡಿಗೆಯನ್ನು ತಂದು ಮಠದ ಸ್ವಾಮಿಗಳ ಮುಂದೆ ಇಟ್ಟ. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಾರೆ.

ಅಜ್ಜಾರು ಬಗ್ಗಿ ನೋಡಿದರು. ಒಳಗೆ ಇದ್ದದ್ದು ಹಾಲೂ ಅಲ್ಲ, ಮೊಸರೂ ಅಲ್ಲ. ನೀರಿನ ಮೇಲೆ ಬಿಳಿಯ ಚೂರುಗಳು ತೇಲುತ್ತಿದ್ದವು.

"ಇದೇನಪಾ ಕಲ್ಲಯ್ಯ?"

"ನನ್ನ ಕೇಳಬ್ಯಾಡ್ರಿ. ಹೆಪ್ಪು ಹಾಕಿದವರು ಸಾಹುಕಾರ್ರು."

ಸಾಹುಕಾರ ಎಂದರೆ ಗೂಳಪ್ಪ. ಪಂಕ್ತಿಯ ತುದಿಯಲ್ಲಿ ಕುಳಿತು, ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿದ್ದವನು.

ಗೂಳಪ್ಪನದು ಗದಗದಲ್ಲಿ ಖಡಕ್ ರೊಟ್ಟಿಯ ವ್ಯಾಪಾರ. ಸಾಲು ಒಲೆಗಳು, ಸಾಲು ಹೆಣ್ಣುಮಕ್ಕಳು. ರೊಟ್ಟಿ ಡಬ್ಬಿಯಲ್ಲಿ ಕೂತು ಪುಣೆಯವರೆಗೂ ಹೋಗುತ್ತದೆ. ಒಲೆಗಳ ಉಸ್ತುವಾರಿ ಅವನ ವೈನಿ, ಅಂದರೆ ಅಣ್ಣನ ಹೆಂಡತಿ ನೀಲವ್ವನದು. ಗೂಳಪ್ಪ ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದಾಗ ಆ ಮನೆಗೆ ಸೊಸೆಯಾಗಿ ಬಂದವಳು. ರೊಟ್ಟಿ ಬಡಿಯುವುದನ್ನು ಅವನಿಗೆ ಕಲಿಸಿದವಳೂ ಅವಳೇ.

ಕಳೆದ ವರ್ಷ ಗೂಳಪ್ಪ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಉದ್ಯಮಿಗಳಿಗಾಗಿ ನಡೆದ ಉಪನ್ಯಾಸ ಕೇಳಿ ಬಂದ. ಅಂದಿನಿಂದ ಕೋಳಿಗಿಂತ ಮೊದಲು ಏಳುತ್ತಾನೆ. ತಣ್ಣೀರು ಸುರಿದುಕೊಳ್ಳುತ್ತಾನೆ. ಸಕ್ಕರೆ ಬಿಟ್ಟಿದ್ದಾನೆ. ಕನ್ನಡಿಯ ಮುಂದೆ ನಿಂತು ತನಗೆ ತಾನೇ ಶಹಬ್ಬಾಸ್ ಹೇಳಿಕೊಳ್ಳುತ್ತಾನೆ. ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಮಾಲೀಕನ ಕಣ್ಣು ಬಿದ್ದಲ್ಲಿ ಲಾಭ ಬೆಳೆಯುತ್ತದೆ ಎಂದೂ ಉಪನ್ಯಾಸಕ ಹೇಳಿದ್ದ. ಗೂಳಪ್ಪ ಪ್ರತಿ ಒಲೆಯ ಮೇಲೂ ಒಂದು ಕ್ಯಾಮೆರಾ ಹಾಕಿಸಿ, ಫೋನಿನಲ್ಲಿ ನೋಡತೊಡಗಿದ.

ಬರುವ ಅಮಾವಾಸ್ಯೆಗೆ ಕೆಲಸ ಬಿಡುತ್ತೇನೆ ಎಂದು ನೀಲವ್ವ ಹೇಳಿದ್ದಳು. ಅವಳು ಬಿಟ್ಟರೆ ಅವಳ ಹಿಂದೆ ಎಲ್ಲ ಒಲೆಗಳೂ ಆರುತ್ತವೆ. ಇದು ಗೂಳಪ್ಪನಿಗೂ ಗೊತ್ತಿತ್ತು. ಅದಕ್ಕೇ ಸೋಮವಾರ ಮಠಕ್ಕೆ ಬಂದಿದ್ದ.

"ಅಜ್ಜಾರ, ನಂಬಿಗಸ್ತ ಮಂದಿ ಎಲ್ಲಿ ಸಿಗ್ತಾರ್ರಿ?" ಎಂದು ಕೇಳಿದ್ದ.

"ನಿಮ್ಮ ವೈನಿ ಏನಂದ್ರು?"

"'ನೀ ಸ್ವಲ್ಪ ಆಚೆ ನಡಿ, ನಾ ಮಾಡ್ತೀನಿ' ಅಂದ್ರು ರೀ. ಹಿಂಗ ಅನ್ನೂದೇನ್ರಿ ಮಾಲಕಗ?"

ಅಷ್ಟರಲ್ಲಿ ಅವನ ಕಣ್ಣು ಫೋನಿನ ಮೇಲೆ ಬಿತ್ತು. ಮೂಲೆಯ ಒಲೆಯ ಮುಂದೆ ಯಾರೂ ಇರಲಿಲ್ಲ. ಅಲ್ಲಿಂದಲೇ ಫೋನ್ ಹಚ್ಚಿದ.

"ವೈನೀ, ಮೂಲಿ ಒಲಿ ಮುಂದ ಯಾರೂ ಇಲ್ಲ!"

ನೀಲವ್ವನ ದನಿ ಅಜ್ಜಾರಿಗೂ ಕೇಳಿಸಿತು.

"ನೀರು ಕುಡ್ಯಾಕ ಹೋಗ್ಯಾಳ. ಕೊಡದ ಹತ್ರ ನಿನಗ ಕಾಣವಲ್ದೇನು? ಅಲ್ಲೂ ಒಂದು ಹಾಕಸು."

ಗೂಳಪ್ಪ ಫೋನ್ ಇಟ್ಟು, "ಹಾಕಸಬೇಕು," ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಅಜ್ಜಾರು, "ಇವತ್ತು ಹೆಪ್ಪು ನೀ ಹಾಕು. ನಾಳೆ ಮಾತಾಡೂಣು," ಎಂದಿದ್ದರು.

ಆ ನಾಳೆ ಈಗ ಗಡಿಗೆಯ ರೂಪದಲ್ಲಿ ಎಲ್ಲರ ಮುಂದೆ ಇತ್ತು.

"ನನ್ನ ಕಡಿಂದ ಏನೂ ಕಡಿಮಿ ಆಗಿಲ್ರಿ," ಎಂದ ಗೂಳಪ್ಪ. "ತಾಸಿಗೊಮ್ಮೆ ಎದ್ದು ನೋಡೀನ್ರಿ. ಗಡಿಗಿ ಇಳಿಸಿ, ಮುಚ್ಚಳ ತಗದು, ಚಮಚದ್ಲೆ ತಿರುವಿ ನೋಡೀನ್ರಿ. ಗಟ್ಟಿ ಆಗವಲ್ದು ಅಂತ ಇನ್ನಷ್ಟು ಹೆಪ್ಪು ಹಾಕೀನಿ. ತಣ್ಣಗ ಅನಸ್ತು, ಒಲಿ ಬಾಜೂಕ ಇಟ್ಟೆ. ಬಿಸಿ ಅನಸ್ತು, ಕಿಟಕಿ ಬಾಜೂಕ ಇಟ್ಟೆ. ಪ್ರತಿ ಸಲ ಫೋಟೋ ತಗದೀನ್ರಿ."

"ಫೋಟೋದಾಗ ಹೆಂಗ ಕಾಣತೈತಿ?"

"ಮೊದಲಿಂದು ಚಲೋ ಬಂದೈತ್ರಿ."

ಮೊದಲ ಫೋಟೋದಲ್ಲಿ ಇದ್ದದ್ದು ಹಾಲು.

"ಹಂಗಾರ ತಪ್ಪು ಯಾರದು?"

"ಹಾಲಿಂದ ಇರಬೇಕ್ರಿ. ಇಲ್ಲಾ ಹೆಪ್ಪಿಂದು. ಹಾಲು ಹಾಕಾವ್ರನ್ನ ಬದಲ ಮಾಡ್ರಿ. ಎಮ್ಮೀನೂ ಒಂದ್ಸಲ ನೋಡಬೇಕು."

ಅಜ್ಜಾರು ಈ ಸಲಹೆಯನ್ನು ಗಂಭೀರವಾಗಿ ತೆಗೆದುಕೊಂಡಂತೆ ಕಂಡಿತು.

"ಎಮ್ಮಿಗೂ ಒಂದು ಕ್ಯಾಮೆರಾ ಹಾಕೂಣೇನು?"

"ಹಾಕಬಹುದ್ರಿ," ಎಂದ ಗೂಳಪ್ಪ.

ಕಲ್ಲಯ್ಯ ಬಾಯಿಗೆ ಪಂಚೆಯ ತುದಿ ಒತ್ತಿಕೊಂಡು ಒಳಗೆ ಹೋದ.

ಗಡಿಗೆಯಲ್ಲಿದ್ದದ್ದನ್ನು ಎಮ್ಮೆಗೆ ಕೊಡಲಾಯಿತು. ಇದ್ದ ಹೆಪ್ಪನ್ನೆಲ್ಲ ಗೂಳಪ್ಪ ಸುರಿದು ಮುಗಿಸಿದ್ದರಿಂದ ನಾಳೆಗೆ ಹೆಪ್ಪು ಉಳಿದಿರಲಿಲ್ಲ. ಕಲ್ಲಯ್ಯ ಬಟ್ಟಲು ಹಿಡಿದುಕೊಂಡು, ಹರಿಗೋಲು ಹತ್ತಿ, ಆಚೆ ದಡದ ಊರಿಗೆ ಹೊರಟ. ಆ ಮಠ ಹೊರಗಿನಿಂದ ಹೆಪ್ಪು ತಂದದ್ದು ಅದೇ ಮೊದಲು. ಆಚೆ ದಡದವರು ಕಾರಣ ಕೇಳಿದರು. ಕಲ್ಲಯ್ಯ ವಿವರವಾಗಿ ಹೇಳಿದ.

"ಕಲ್ಲಯ್ಯ ಬರೂದು ತಡ ಆಗತೈತಿ," ಎಂದರು ಅಜ್ಜಾರು. "ಸಂಜಿಕ ರೊಟ್ಟಿ ನೀನ ಬಡಿ."

ಗೂಳಪ್ಪನ ಮುಖ ಅರಳಿತು. "ಅದಕ್ಕೇನ್ರಿ! ನಾ ನಮ್ಮ ವೈನಿ ಕೈಯಾಗ ಕಲ್ತಾಂವ."

ಒಲೆ ಹೊತ್ತಿಸಿದ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದ. ಉಂಡೆ ಮಾಡಿ ಕೊಣಮಿಗೆ ಎಂಬ ಮರದ ಪರಾತದಲ್ಲಿ ಇಟ್ಟು ಅಂಗೈಯಿಂದ ಬಡಿಯತೊಡಗಿದ.

ಅಜ್ಜಾರು ಮಣೆ ತಂದು, ಅವನ ಮೊಣಕೈ ತಾಗುವಷ್ಟು ಹತ್ತಿರ ಹಾಕಿಕೊಂಡು ಕುಳಿತರು.

"ಹಿಟ್ಟು ನಾದಿದಿ?"

"ನಾದೀನ್ರಿ."

"ಚಲೋತ್ನ್ಯಾಗ?"

"ಹೌದ್ರಿ."

"ಎಡಕ್ಕ ದಪ್ಪ ಆತು."

ಗೂಳಪ್ಪ ಎಡಕ್ಕೆ ಬಡಿದ.

"ಬಲಕ್ಕ ತೆಳ್ಳಗಾತು."

ಗೂಳಪ್ಪನ ಕೈ ನಿಂತಿತು.

"ಯಾಕ ನಿಂತಿ? ಬಡಿ. ನಾ ಸುಮ್ಮ ನೋಡ್ತೀನಷ್ಟ."

ರೊಟ್ಟಿ ಎತ್ತುವಾಗ ನಡುವೆ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಿಚಿಕೊಂಡಿತು. ಮೂರನೆಯದು ಹಂಚಿಗೆ ಬಿತ್ತು.

"ನೀರು ಹಚ್ಚು," ಎಂದರು ಅಜ್ಜಾರು. ಅವನು ಹಚ್ಚಿದ. "ಇಷ್ಟ್ಯಾಕ ಹಚ್ಚಿದಿ? ತಿರುವು. ಈಗ ಬ್ಯಾಡ, ತಡಿ. ತಿರುವು. ಹತ್ತಿತಲ್ಲೋ!"

ಮೂರನೆಯದು ಹೊತ್ತಿತು.

ಗೂಳಪ್ಪನ ಹಣೆಯಿಂದ ಬೆವರು ಹಿಟ್ಟಿಗೆ ಬೀಳುವುದರಲ್ಲಿತ್ತು. ಅವನು ತೋಳಿನಿಂದ ಒರೆಸಿಕೊಂಡ. ಕೈ ಮುಗಿದ.

"ಅಜ್ಜಾರ, ಕಾಲಿಗೆ ಬೀಳ್ತೀನಿ. ನೀವು ಸ್ವಲ್ಪ ಆಚೆ ನಡೀರಿ. ನಾ ಮಾಡ್ತೀನಿ."

ಅಜ್ಜಾರು ಅವನ ಮುಖ ನೋಡಿದರು. ಅವನು ಹಂಚು ನೋಡಿದ.

ಅಜ್ಜಾರು ಮಣೆ ಎತ್ತಿಕೊಂಡು ಆಚೆ ಹೋದರು.

ಆ ಸಂಜೆಯ ಉಳಿದ ರೊಟ್ಟಿಗಳು ದುಂಡಗಿದ್ದವು. ಎಲ್ಲರೂ ತಿಂದರು. ಯಾರೂ ಹೊಗಳಲಿಲ್ಲ.

ಊಟವಾದ ಮೇಲೆ ಗೂಳಪ್ಪ ಮತ್ತೆ ಹಾಲು ಕಾಸಿದ. ಉಗುರುಬೆಚ್ಚಗಾದಾಗ ಎರವಲು ಹೆಪ್ಪು ಹಾಕಿ, ಮುಚ್ಚಿ, ಗಡಿಗೆಯನ್ನು ನೆಲುವಿನಲ್ಲಿ ಇಟ್ಟ.

ಅಜ್ಜಾರು ಒಂದು ಸಣ್ಣ ಕುಡಿಕೆ ಹಿಡಿದುಕೊಂಡು ಬಂದರು.

"ಫೋನ್ ಇದರಾಗ ಹಾಕು."

ಗೂಳಪ್ಪ ಹಾಕಿದ. ಅಜ್ಜಾರು ಕುಡಿಕೆಯ ಬಾಯಿ ಮುಚ್ಚಿ, ಅದೇ ನೆಲುವಿನಲ್ಲಿ, ಮೊಸರಿನ ಗಡಿಗೆಯ ಮೇಲೆ ಕೂರಿಸಿದರು.

"ಬೇಕಾದಾಗ ತಗೋ. ನನ್ನ ಕೇಳಬ್ಯಾಡ. ಗಡಿಗಿ ಮಾತ್ರ ಅಳ್ಳಾಡತೈತಿ."

ಅವರು ಮಲಗಲು ಹೋದರು.

ಗೂಳಪ್ಪ ನೆಲುವಿನ ಕೆಳಗೆ ನಿಂತ. ಕುಡಿಕೆಯೊಳಗೆ ಫೋನ್ ಗುಂಯ್ ಎಂದಿತು. ಕೈ ಎತ್ತಿದ. ಗಡಿಗೆಯನ್ನು ನೋಡಿದ. ಕೈ ಇಳಿಸಿದ. ಇದು ಹಲವು ಬಾರಿ ನಡೆಯಿತು ಎಂದು ಬಾಗಿಲ ಸಂದಿಯಿಂದ ನೋಡಿದ ಕಲ್ಲಯ್ಯ ವರದಿ ಮಾಡಿದ್ದಾನೆ. ಕೊನೆಗೆ ಸಾಹುಕಾರರು ಚಾದರ ತೆಗೆದುಕೊಂಡು ಹೊಳೆಯ ದಂಡೆಗೆ ಹೋಗಿ ಮಲಗಿದರು.

ಬುಧವಾರ ಬೆಳಿಗ್ಗೆ ಅವನು ಎದ್ದಾಗ ಬಿಸಿಲು ಬಿದ್ದಿತ್ತು. ಕೋಳಿ ಕೂಗಿ ಮುಗಿಸಿತ್ತು. ತಣ್ಣೀರು ಸುರಿದುಕೊಳ್ಳುವ ಹೊತ್ತೂ ಮೀರಿತ್ತು. ಓಡಿ ಬಂದ.

ಕಲ್ಲಯ್ಯ ಗಡಿಗೆ ಇಳಿಸಿ ಮುಚ್ಚಳ ತೆಗೆದ. ಕೆನೆ ಕಟ್ಟಿದ ಮೊಸರು. ಚಮಚ ನೆಟ್ಟರೆ ನೆಟ್ಟಗೆ ನಿಂತಿತು.

"ಇದಕ್ಕ ಯಾರು ಎದ್ದು ನೋಡಿದ್ರು ರೀ, ಸಾಹುಕಾರ್ರ?" ಎಂದು ಕಲ್ಲಯ್ಯ ಕೇಳಿದ.

ಗೂಳಪ್ಪ ಕುಡಿಕೆಯಿಂದ ಫೋನ್ ತೆಗೆದ. ಚಾರ್ಜ್ ಮುಗಿದಿತ್ತು. ಮಠದ ಫೋನಿನಿಂದ ಗದಗಕ್ಕೆ ಮಾತಾಡಿದ. ರೊಟ್ಟಿಗಳು ಎಂದಿನಂತೆ ಆಗಿದ್ದವು. ರಾತ್ರಿ ಗುಂಯ್ ಎಂದದ್ದು ಹುಬ್ಬಳ್ಳಿಯ ಉಪನ್ಯಾಸಕರ ಕಡೆಯವರಂತೆ, ಮುಂದಿನ ಶಿಬಿರಕ್ಕೆ ಕರೆಯಲು; ಅವನು ಎತ್ತದಿದ್ದಾಗ ಗದಗಕ್ಕೇ ಫೋನ್ ಹಚ್ಚಿದ್ದರು.

ಅಜ್ಜಾರು ಮೊಸರಿನ ಮೊದಲ ಚಮಚವನ್ನು ಒಂದು ಪುಟ್ಟ ಬಟ್ಟಲಿಗೆ ಹಾಕಿ, ಎಲೆ ಮುಚ್ಚಿ, ದಾರ ಕಟ್ಟಿದರು.

"ಇದನ್ನ ನಿಮ್ಮ ವೈನಿಗೆ ಕೊಡು. ಹೆಪ್ಪಿಗೆ ಆಗತೈತಿ."

"ಏನಂತ ಹೇಳ್ಲಿರಿ?"

"ಏನೂ ಹೇಳಬ್ಯಾಡ. ಹೇಳಿ ಹೇಳೇ ಇಷ್ಟೆಲ್ಲಾ ಆಗೈತಿ."

"ನನ್ನ ಪ್ರಶ್ನೆ ಹಂಗ ಉಳೀತಲ್ರಿ, ಅಜ್ಜಾರ. ನಂಬಿಗಸ್ತ ಮಂದಿ..."

"ಬಸ್ ಬರೂ ಹೊತ್ತಾತು," ಎಂದರು ಅಜ್ಜಾರು.

ಮರುದಿನವೇ ಅಮಾವಾಸ್ಯೆ. ನೀಲವ್ವ ತನ್ನ ಸೀರೆ, ತಾಟು, ತವರಿನಿಂದ ತಂದಿದ್ದ ಕೊಣಮಿಗೆ, ಎಲ್ಲವನ್ನೂ ಗಂಟು ಕಟ್ಟಿ ಒಲೆಯ ಪಕ್ಕ ಇಟ್ಟುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಅವಳ ತಲೆಯ ಮೇಲೆ ಕ್ಯಾಮೆರಾ ಇದ್ದ ಜಾಗದಲ್ಲಿ ಎರಡು ತೂತುಗಳಿದ್ದವು. ಬೆಳಿಗ್ಗೆ ಯಾರೋ ಬಂದು ಬಿಚ್ಚಿಕೊಂಡು ಹೋಗಿದ್ದರು. ಬಾಗಿಲಲ್ಲಿ ಎಲೆ ಮುಚ್ಚಿದ ಬಟ್ಟಲೊಂದು ಇತ್ತು.

ಗೂಳಪ್ಪ ಒಳಗೆ ಬರಲಿಲ್ಲ. ಹೊರಗೆ ಕಟ್ಟೆಯ ಮೇಲೆ, ರಸ್ತೆಗೆ ಮುಖ ಮಾಡಿ ಕುಳಿತಿದ್ದ.

ಹೆಣ್ಣುಮಕ್ಕಳು ಸರದಿಯಂತೆ ಕಿಟಕಿಯಿಂದ ಅವನನ್ನು ನೋಡಿದರು. ಈಗ ನೋಡುವ ಕೆಲಸ ಅವರದಾಗಿತ್ತು.

"ಜಡ್ಡು ಬಂದೈತೇನ ಮಾಲಕಗ?" ಎಂದಳು ಒಬ್ಬಳು.

"ಹುಬ್ಬಳ್ಯಾಗ ಇನ್ನೊಂದು ಏನರ ಕೇಳಿ ಬಂದಿರಬೇಕು," ಎಂದಳು ಇನ್ನೊಬ್ಬಳು.

ಮಧ್ಯಾಹ್ನದ ಹೊತ್ತಿಗೆ ನೀಲವ್ವ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಗೂಳಪ್ಪಾ, ಮೈಯಾಗ ಆರಾಮ ಇಲ್ಲೇನು?"

"ಆರಾಮ ಅದೀನಿ."

"ಮತ್ತ ಒಳಗ ಯಾಕ ಬರವಲ್ಲಿ?"

"ಕರದ್ರ ಬರ್ತೀನಿ, ವೈನಿ."

ನೀಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಫೋನ್ ಕಾಣಲಿಲ್ಲ.

"ಆ ಬಟ್ಟಲದಾಗಿಂದು ಏನು?"

"ಹೆಪ್ಪು. ಅಜ್ಜಾರು ಕೊಟ್ಟಾರ."

"ಏನಂದ್ರು?"

ಗೂಳಪ್ಪ ಬಾಯಿ ತೆರೆದ. ಮುಚ್ಚಿದ. ಇದು ಅವನಿಗೆ ಸುಲಭವಾಗಿರಲಿಲ್ಲ. "ಏನೂ ಅನ್ನಲಿಲ್ಲ."

ನೀಲವ್ವ ಸ್ವಲ್ಪ ಹೊತ್ತು ರಸ್ತೆ ನೋಡಿದಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಮುಂದಿನ ಅಮಾಸಿ ತನಕ ನೋಡೂಣು," ಎಂದಳು. "ಈಗ ಉಣ್ಣಾಕ ಬಾ. ರೊಟ್ಟಿ ಎಣಸಬ್ಯಾಡ, ತಿನ್ನು."

ಮುಂದಿನ ವಾರ ಗೂಳಪ್ಪ ಮಠಕ್ಕೆ ಬಂದಾಗ ಚೀಲದಲ್ಲಿ ಒಂದು ಕ್ಯಾಮೆರಾ ಇತ್ತು.

"ಎಲ್ಲಾ ಬಿಚ್ಚೀನ್ರಿ. ಒಂದು ಮಠಕ್ಕ ಇರ್ಲಿ ಅಂತ ತಂದೆ. ಮೊಸರಿಗೆ ಬೆಕ್ಕಿನ ಕಾಟ ಐತಿ ಅಂತ ಕಲ್ಲಯ್ಯ ಅಂತಿದ್ದ."

"ಹಾಕು," ಎಂದರು ಅಜ್ಜಾರು. "ತಂತಿ ಜೋಡಸಬ್ಯಾಡ."

ನೆಲುವಿನ ಮೇಲಿನ ತೊಲೆಗೆ ಅದನ್ನು ಮೊಳೆ ಹೊಡೆದು ಕೂರಿಸಲಾಯಿತು.

ಎರಡು ಅಮಾವಾಸ್ಯೆಗಳು ಕಳೆದವು. ಗೂಳಪ್ಪ ಮತ್ತೆ ಬಂದ. ಸ್ವಲ್ಪ ದಪ್ಪಗಾಗಿದ್ದ. ಚಹಾಕ್ಕೆ ಸಕ್ಕರೆ ಹಾಕಿಸಿಕೊಂಡ.

"ನಿಮ್ಮ ವೈನಿ?" ಎಂದು ಅಜ್ಜಾರು ಕೇಳಿದರು.

"ಅದಾರ್ರಿ. ಪ್ರತಿ ಅಮಾಸಿಗೂ 'ಮುಂದಿನ ಅಮಾಸಿ ತನಕ' ಅಂತಾರ."

"ರೊಟ್ಟಿ?"

"ಆಗ್ತಾವ್ರಿ." ಗೂಳಪ್ಪ ತಲೆಯೆತ್ತಿ ತೊಲೆ ನೋಡಿದ. "ಅಜ್ಜಾರ, ಕ್ಯಾಮೆರಾಕ್ಕ ಬೆಕ್ಕು ಅಂಜತೈತೇನ್ರಿ?"

"ಇಲ್ಲ," ಎಂದರು ಅಜ್ಜಾರು. "ಬೆಕ್ಕು ಬರ್ತೈತಿ. ಮೊಸರೂ ಆಗ್ತೈತಿ."