ಮಂಜಿನ ಹೊಳೆಯ ಕೂಗು

“ಗುರುಗಳೇ, ಕೆಟ್ಟ ಮಾತಿಗೆ ಕಿವಿ ಮುಚ್ಚಿಕೊಳ್ಳುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕು?”

ಕೇಳಿದವನು ಸದಾನಂದ. ಹೈಸ್ಕೂಲಿನಲ್ಲಿ ಮೇಷ್ಟರು. ಅವನ ತರಗತಿಯ ಭೂಮಿಕಾ ಎಂಬ ಹುಡುಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಿದ್ದಳು. ಎಲ್ಲರೂ ನೋಡಲೆಂದು ಶಾಲೆಯವರು ಆ ವಿಡಿಯೊವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಅದರ ಕೆಳಗೆ ಯಾರು ಯಾರೋ ಸುಳ್ಳು ಹೆಸರಿಟ್ಟುಕೊಂಡು ಅವಳ ದನಿಯನ್ನೂ ಬಣ್ಣವನ್ನೂ ಹೀಯಾಳಿಸಿ ಬರೆದರು. ಈಗಲೂ ಬರೆಯುತ್ತಲೇ ಇದ್ದಾರೆ. ಹುಡುಗಿ ಸರಿಯಾಗಿ ಊಟ ಮಾಡುತ್ತಿಲ್ಲ. ಶಾಲೆಗೆ ಬರುವುದೇ ಇಲ್ಲ ಎಂದು ಹಟ ಹಿಡಿದಿದ್ದಾಳೆ.

“ಫೋನು ಎತ್ತಿಡು, ಅದನ್ನು ನೋಡಲೇಬೇಡ ಎಂದೆ. ಎತ್ತಿಟ್ಟಳು. ಆದರೂ ಸರಿಹೋಗಲಿಲ್ಲ” ಎಂದ ಸದಾನಂದ.

ಗುರುಗಳು ನಕ್ಕರು. “ಕೂತುಕೋ ಮೇಷ್ಟರೇ. ಕಲಿಸುವುದು ಆಮೇಲಾಯಿತು” ಎಂದು ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಅವನ ಒಂದು ಕೈ ಸ್ವಾಧೀನ ತಪ್ಪಿತು. ಮಗಳು ಹುಟ್ಟು ಹಿಡಿದಳು. ದೋಣಿಯನ್ನು ಚೆನ್ನಾಗಿಯೇ ನಡೆಸಿದಳು.

ಚಳಿಗಾಲ ಬಂದರೆ ಆ ಹೊಳೆಯ ಮೇಲೆ ಬೆಳಗಿನ ಹೊತ್ತು ಮಂಜು ಕವಿಯುತ್ತಿತ್ತು. ದೋಣಿಯಲ್ಲಿದ್ದವರಿಗೆ ದಡ ಕಾಣದು. ಅದಕ್ಕೇ ಅಲ್ಲಿ ಒಂದು ರೂಢಿ. ದಡದಲ್ಲಿ ದೋಣಿಗಾಗಿ ಕಾಯುವವರು ‘ಓ, ಇತ್ತ! ಓ, ಇತ್ತ!’ ಎಂದು ಕೂಗುತ್ತಿರಬೇಕು. ಅಂಬಿಗ ಆ ಕೂಗಿನ ಜಾಡು ಹಿಡಿದು ಬರುತ್ತಾನೆ. ಜಾಡು ತಪ್ಪಿದರೆ ಕೆಳಗಡೆ ಬಂಡೆಗಳು.

ಹೆಣ್ಣು ಹುಟ್ಟು ಹಾಕುವುದನ್ನು ಕೆಲವರಿಗೆ ಸಹಿಸಲಾಗಲಿಲ್ಲ. ಮಂಜಿನ ಮರೆಯಲ್ಲಿ ನಿಂತು ಕೂಗಿದರು. ‘ಹುಟ್ಟು ಬಿಟ್ಟು ಸೌಟು ಹಿಡಿಯೇ!’ ಎಂದರು. ‘ಇವಳ ದೋಣಿ ಹತ್ತಿದವರು ಮನೆಗೆ ಹೇಳಿ ಬಂದಿದೀರಾ?’ ಎಂದರು. ಹೇಳಬಾರದ್ದನ್ನೂ ಹೇಳಿದರು. ದೋಣಿ ದಡ ಮುಟ್ಟಿದ ಮೇಲೆ ನೋಡಿದರೆ ಅಲ್ಲಿದ್ದವರೆಲ್ಲ ಮರ್ಯಾದಸ್ಥರೇ! ಹುಡುಗಿಗೆ ಪ್ರತಿಯೊಂದು ಮುಖದ ಮೇಲೂ ಅನುಮಾನ ಬಂತು. ತಲೆ ಎತ್ತಿ ನೋಡುವುದನ್ನೇ ಬಿಟ್ಟಳು.

ಉಳಿದವರು ಏನು ಮಾಡಿದರು? ನಮಗ್ಯಾಕೆ ಬೇಕು ಈ ಉಸಾಬರಿ ಎಂದು ಬಾಯಿ ಮುಚ್ಚಿಕೊಂಡರು. ‘ಓ, ಇತ್ತ’ ಎನ್ನುವವರೇ ಇಲ್ಲವಾದರು. ಪಾಪ, ಆ ಹುಡುಗಿ ದಿನವೂ ಬೈಗುಳದ ಜಾಡು ಹಿಡಿದೇ ದಡ ಸೇರಬೇಕಾಯಿತು.

ಆ ದೋಣಿಯಲ್ಲಿ ಓಡಾಡುವ ಒಬ್ಬ ಹತ್ತಿ ವ್ಯಾಪಾರಿ ಇದನ್ನು ನೋಡಿ ಮರುಗಿದ. ಒಳ್ಳೆಯ ಮನುಷ್ಯ. ಒಂದು ಬೆಳಿಗ್ಗೆ ತನ್ನ ಮೂಟೆಯಿಂದ ಒಂದಿಷ್ಟು ಹತ್ತಿ ಕಿತ್ತು ಅವಳಿಗೆ ಕೊಟ್ಟ. ‘ಕಿವಿಗೆ ತುರುಕಿಕೋ ತಾಯಿ. ಕೇಳಿಸಿದರೆ ತಾನೇ ನೋವು?’ ಎಂದ. ಅವಳು ಹಾಗೆಯೇ ಮಾಡಿದಳು.

ದೋಣಿ ನಡುಹೊಳೆ ದಾಟಿತು. ಮಂಜಿನಲ್ಲಿ ದಿಕ್ಕು ತಪ್ಪಿ ಕೆಳಕ್ಕೆ ಜಾರಿತು. ಪಕ್ಕದಲ್ಲೇ ಬಂಡೆ ಕಂಡಿತು. ‘ಎಡಕ್ಕೆ, ಎಡಕ್ಕೆ!’ ಎಂದು ವ್ಯಾಪಾರಿ ಬಾಯಿ ಬಡಿದುಕೊಂಡ. ಅವಳಿಗೆ ಕೇಳಿಸಿದರೆ ತಾನೇ! ಕೊನೆಗೆ ಎದ್ದು ಬಂದು ತಾನು ಕೊಟ್ಟ ಹತ್ತಿಯನ್ನು ತಾನೇ ಕಿತ್ತೆಸೆದ. ದೋಣಿಯ ತಳ ಕಲ್ಲಿಗೆ ಉಜ್ಜಿ ನಿಂತಿತು. ಒಳಗಿದ್ದವರು ದೇವರನ್ನು ನೆನೆದರು.

ಕಿವಿ ತೆರೆದದ್ದೇ ತಡ, ದಡದಿಂದ ಅದೇ ಹೀಯಾಳಿಕೆ ಕೇಳಿಸಿತು. ಬೇರೆ ಒಂದು ದನಿಯೂ ಇರಲಿಲ್ಲ. ಹುಡುಗಿ ಹುಟ್ಟನ್ನು ದೋಣಿಯೊಳಗೆ ಎಳೆದುಕೊಂಡು ಕುಸಿದು ಕೂತಳು. ‘ಯಾವ ಕಡೆಗೆ ಹೋಗಲಿ? ಆ ಬೈಗುಳದ ಕಡೆಗಾ? ಇನ್ನು ನನ್ನ ಕೈಲಿ ಆಗಲ್ಲ’ ಎಂದು ಗಟ್ಟಿಯಾಗಿ ಅತ್ತಳು.

ಆ ಅಳು ದಡಕ್ಕೆ ಕೇಳಿಸಿತು. ಅಲ್ಲಿ ಬಳೆ ಮಾರುವ ಹೆಂಗಸೊಬ್ಬಳು ಕಾಯುತ್ತಿದ್ದಳು. ಅಷ್ಟು ದಿನ ಅವಳೂ ಸುಮ್ಮನಿದ್ದವಳೇ. ಈಗ ತಡೆಯಲಾಗಲಿಲ್ಲ. ‘ಮಗಳೇ, ನಾನು ಬಳೆಗಾರ್ತಿ ಕೂಗ್ತಿದೀನಿ. ಇತ್ತ ಬಾರವ್ವ!’ ಎಂದಳು. ಅವಳ ಪಕ್ಕದವನು ಗಂಟಲು ಸರಿಮಾಡಿಕೊಂಡ. ‘ನಾನು ಕುಂಬಾರ, ನಾನೂ ಇಲ್ಲೇ ಇದೀನಿ, ಬಾರಮ್ಮ’ ಎಂದ. ಮತ್ತೊಬ್ಬರು ತಮ್ಮ ಹೆಸರು ಹೇಳಿ ಕೂಗಿದರು.

ಹೀಯಾಳಿಸುವವರು ನಿಲ್ಲಿಸಲಿಲ್ಲ. ಆದರೆ ಹುಡುಗಿ ಕಣ್ಣೊರೆಸಿಕೊಂಡು ಹುಟ್ಟು ಹಿಡಿದಳು, ದೋಣಿಯನ್ನು ಕಲ್ಲಿನಿಂದ ಬಿಡಿಸಿದಳು. ಬಳೆಗಾರ್ತಿಯ ದನಿಯ ಜಾಡಿನಲ್ಲಿ ದೋಣಿ ದಡಕ್ಕೆ ಬಂತು.

ಗುರುಗಳು ಕತೆ ಮುಗಿಸಿದರು. ಸದಾನಂದನ ಮುಖ ಅರಳಿತು. “ತಿಳಿಯಿತು ಗುರುಗಳೇ. ನಾಳೆಯೇ ಈ ಕತೆಯನ್ನು ತರಗತಿಯ ಮಕ್ಕಳಿಗೆಲ್ಲ ಹೇಳುತ್ತೇನೆ” ಎಂದ.

“ಹೇಳು. ಅದಿರಲಿ, ಆ ಹುಡುಗಿಯ ಹಾಡಿನ ಕೆಳಗೆ ನೀನೇನು ಬರೆದಿದ್ದೀಯ?”