ಮರಕುಟಿಗ ಮಾಡಿದ ಅಗುಳಿ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಿ. ಆಮೇಲೆ "ಇದು ಸುಳ್ಳು ಕಣೋ" ಅಂದರೆ ನಾನು ಸುಮ್ಮನಿರೋನಲ್ಲ. ಕೋಳಿಗೂಡಿಗೆ ಅಗುಳಿ ಕೆತ್ತೋದರಲ್ಲಿ ಸುತ್ತ ಏಳೂರಲ್ಲಿ ನನ್ನ ಸಮ ಯಾರೂ ಇಲ್ಲ. ಅಂಥ ನನಗೂ ಒಬ್ಬ ಗುರು ಇದ್ದಾನೆ, ಮರಕುಟಿಗ.

ಭೂಮಿಯ ಮಣ್ಣು ಇನ್ನೂ ಆರದೆ ಹಸಿಯಾಗಿದ್ದ ಕಾಲ ಅದು. ಆಗ ಮರಕುಟಿಗನ ತಲೆ ಕಾಡಿಗೆಯಷ್ಟು ಕಪ್ಪು. ಕೆಂಪು ಜುಟ್ಟು ಹುಂಜನಿಗೆ ಮಾತ್ರ, ಅದೂ ಅರ್ಧಚಂದ್ರನ ಹಾಗೆ ನುಣ್ಣನೆಯ ಅಂಚಿನದು. ಕೋಳಿಗೂಡಿಗೆ ಬಾಗಿಲಿತ್ತು, ಅಗುಳಿ ಇರಲಿಲ್ಲ. ಕಾಡುಬೆಕ್ಕು ಹಣೆಯಿಂದ ತಳ್ಳಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಹೇಟೆಕೋಳಿಯ ಆರು ಮರಿಗಳಲ್ಲಿ ಉಳಿದದ್ದು ಎರಡೇ.

"ಅಳಬೇಡ ಅಕ್ಕಾ. ಬಾಗಿಲಿಗೆ ಅಡ್ಡ ಒಂದು ಅಗುಳಿ ಹಾಕಿಕೊಡ್ತೀನಿ," ಅಂದ ಮರಕುಟಿಗ.

ಹುಂಜ ಬಿದ್ದು ಬಿದ್ದು ನಕ್ಕ. "ಹುಳ ತಿನ್ನೋ ಕೊಕ್ಕಲ್ಲಿ ಬಡಗಿ ಕೆಲಸವಾ?"

"ನೀನೇನು ಹೋಳಿಗೆ ತಿಂತೀಯಾ ಮಾವಾ?"

"ಮಾಡು, ನೋಡೋಣ! ಬೆಕ್ಕು ಬರಿಗೈಲಿ ಹೋದರೆ ನನ್ನ ಜುಟ್ಟಲ್ಲೇ ನಿನಗೆ ಪಾಲು!"

ಮರಕುಟಿಗ ಬಾಗಿಲ ಎರಡೂ ಕಡೆಯ ಗೂಟಕ್ಕೆ ತೂತು ಕೊರೆದ. ಹಸಿ ಬೇವಿನ ಕೊಂಬೆ ಮುರಿದು ತೂರಿಸಿದ. ಬಿಗಿಯಾಗಿ ಕೂತಿತು. ನಾಲ್ಕು ದಿನದ ಬಿಸಿಲಿಗೆ ಅದು ಒಣಗಿ ಸಣ್ಣಗಾಯಿತು. ಬೆಕ್ಕು ಬಂದು ಬಾಗಿಲು ಅಲ್ಲಾಡಿಸಿತು, ಅಗುಳಿ ಜಾರಿ ಬಿತ್ತು.

ಈಗ ಉಳಿದದ್ದು ಒಂದೇ ಮರಿ.

"ಹಸಿ ಮರ ತಂದೆಯಲ್ಲೋ ದಡ್ಡಾ," ಅಂದಿತು ಗಾಳಿ. "ಮೈಯಲ್ಲಿ ನೀರಿದೆಯಾ ಅಂತ ಮರವನ್ನ ತಟ್ಟಿ ಕೇಳಬಾರದಾ?"

ಮರಕುಟಿಗ ಕಾಡಿಗೆ ಹಾರಿದ. ಟಕ್ ಟಕ್ ಟಕ್. ಮಂದ ಸದ್ದು ಬಂತು, ಹಸಿ ಮರ. ಬಿಟ್ಟ. ಟಕ್ ಟಕ್ ಟಕ್. ಪೊಳ್ಳು ಸದ್ದು ಬಂತು, ಗೆದ್ದಲು ತಿಂದದ್ದು. ಬಿಟ್ಟ. ಕತ್ತು ನೋಯಿತು. ಆದರೂ ಬಿಡಲಿಲ್ಲ. ಟಕ್ ಟಕ್ ಟಕ್. ಮೂರನೇ ದಿನ ಒಂದು ಒಣ ಜಾಲಿಕೊಂಬೆ ಗಂಟೆಯ ಹಾಗೆ ಖಣ್ ಅಂದಿತು.

ಅದನ್ನೇ ಕೆತ್ತಿದ. ತೂತಿನಿಂದ ಪೂರ್ತಿ ಜಾರಿಹೋಗದಂತೆ ಒಂದು ತುದಿ ದಪ್ಪಗೆ ಬಿಟ್ಟ. ಒಂದು ಗೂಟದ ತೂತನ್ನು ಎರಡು ಬೆರಳು ಕೆಳಗೆ ಹೊಸದಾಗಿ ಕೊರೆದು, ದಪ್ಪ ತುದಿ ಮೇಲೆ ಬರುವ ಹಾಗೆ ಅಗುಳಿಯನ್ನು ಇಳಿಜಾರಾಗಿ ಕೂರಿಸಿದ.

ಮುಸ್ಸಂಜೆಗೆ ಬೆಕ್ಕು ಬಂತು. ತಳ್ಳಿತು. ಅಲ್ಲಾಡಿಸಿತು. ಅಲ್ಲಾಡಿಸಿದಷ್ಟೂ ಅಗುಳಿ ಇನ್ನೂ ಒಳಕ್ಕೆ ಕೂತಿತು.

"ಯಾವನೋ ಇದನ್ನ ಮಾಡಿದೋನು?"

"ನಾನೇ ಕಣೋ! ಇನ್ನೊಂದು ಸಲ ತಳ್ಳು, ಹಲ್ಲು ಉದುರಲಿ!"

ಬೆಕ್ಕು ಹಸಿದ ಹೊಟ್ಟೆಯಲ್ಲೇ ಹೋಯಿತು. ಹೇಟೆ ಹುಂಜನ ಕಡೆ ತಿರುಗಿದಳು.

ಹುಂಜ ಗಂಟಲು ಸರಿಮಾಡಿಕೊಂಡ. "ಅದು... ತಮಾಷೆಗೆ ಅಂದಿದ್ದು."

"ನನ್ನ ಮರಿ ಉಳಿದದ್ದೂ ತಮಾಷೆಗಾ?"

ಹುಂಜ ಮರಕುಟಿಗನ ಕೊಕ್ಕಿನ ಮುಂದೆ ತಲೆ ಬಗ್ಗಿಸಿದ.

ಇವತ್ತು ನೀವೇ ಹೋಗಿ ನೋಡಿ, ಹುಂಜನ ಜುಟ್ಟು ಗರಗಸದ ಹಾಗೆ ಕಚ್ಚುಕಚ್ಚಾಗಿದೆ, ಮರಕುಟಿಗ ಕೆಂಪು ತಲೆ ಹೊತ್ತು ಇನ್ನೂ ಮರಮರವನ್ನೂ ತಟ್ಟಿ ಕೇಳುತ್ತಿದ್ದಾನೆ. ಕೊನೆಗೆ ಅವನಿಗೆ ಸಿಕ್ಕಿದ್ದು ಹುಂಜನ ಜುಟ್ಟಿನ ನಾಲ್ಕು ಕೆಂಪು ಚೂರು.